ಎರಡು ಆಸ್ಕರ್, ಹೇಳಿಕೊಳ್ಳಲಾಗದ ಒಂದು ಕಾಯಿಲೆ

ಕಳೆದ ವರ್ಷ ಮೂರು ವಾರ ರಜೆ ಹಾಕಿದ್ದೆ. ಅರ್ಜಿಯಲ್ಲಿ ಕಾರಣ ಕೇಳುವ ಜಾಗದಲ್ಲಿ ಬೆನ್ನುನೋವು ಎಂದು ಬರೆದೆ. ಬೆನ್ನು ಚೆನ್ನಾಗಿಯೇ ಇತ್ತು. ತಿಂಗಳುಗಟ್ಟಲೆ ನಿದ್ದೆಯಿಲ್ಲದೆ, ಮೀಟಿಂಗ್ ಶುರುವಾಗುವ ಮೊದಲೇ ಕೈ ನಡುಗಿ, ಕೊನೆಗೆ ಪುಣೆಯ ಒಬ್ಬ ಮನೋವೈದ್ಯರ ಮುಂದೆ ಹೋಗಿ ಕೂತಿದ್ದೆ. ದಾವಣಗೆರೆಯಿಂದ ಅಮ್ಮ ಬಂದು ಜೊತೆಗಿದ್ದರು. ಪಕ್ಕದ ಫ್ಲ್ಯಾಟಿನವರು ವಿಚಾರಿಸಿದಾಗ ಅವರೂ ಬೆನ್ನುನೋವು ಎಂದೇ ಹೇಳಿದರು.

ಆ ರಜೆಯ ಒಂದು ಮಧ್ಯಾಹ್ನ ಇಬ್ಬರೂ ಲ್ಯಾಪ್‌ಟಾಪಿನಲ್ಲಿ ‘ಗಾನ್ ವಿತ್ ದ ವಿಂಡ್’ ನೋಡಿದೆವು. ಹೆಚ್ಚುಕಡಿಮೆ ನಾಲ್ಕು ಗಂಟೆಯ ಸಿನಿಮಾ. ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಅರ್ಥವಾಗದಿದ್ದರೂ ನಾಯಕಿಯ ಮುಖದಿಂದ ಕಣ್ಣು ತೆಗೆಯಲಿಲ್ಲ. ಈ ಹುಡುಗಿ ಯಾರು, ಯಾವ ಊರಿನವಳು ಎಂದು ಕೇಳಿದರು. ಉತ್ತರ ಹುಡುಕಲು ಹೋಗಿ, ಉಳಿದ ರಜೆಯನ್ನೆಲ್ಲ ಆಕೆಯ ಜೀವನ ಓದುವುದರಲ್ಲಿ ಕಳೆದೆ.

ಆಕೆ ವಿವಿಯನ್ ಲೀ. ಊರು ಡಾರ್ಜಿಲಿಂಗ್! ಹುಟ್ಟಿದ್ದು 1913ರ ನವೆಂಬರ್ 5ರಂದು. ಹುಟ್ಟುಹೆಸರು ವಿವಿಯನ್ ಹಾರ್ಟ್ಲಿ. ಅಪ್ಪ ಅರ್ನೆಸ್ಟ್ ಹಾರ್ಟ್ಲಿ ಬ್ರಿಟಿಷ್ ಬ್ರೋಕರ್. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಅಶ್ವದಳದ ಅಧಿಕಾರಿಯಾಗಿದ್ದ ಅವರನ್ನು 1917ರಲ್ಲಿ ವರ್ಗ ಮಾಡಿದ್ದು ನಮ್ಮ ಬೆಂಗಳೂರಿಗೆ. ಹೆಂಡತಿ, ಮಗಳು ಊಟಿಯಲ್ಲಿ ಉಳಿದರು. ಅಪ್ಪ ಒಂದೂರು, ಮನೆಮಂದಿ ಒಂದೂರು ಎನ್ನುವ ಸಂಸಾರದ ಪರಿಚಯ ಈ ಅಂಕಣ ಓದುವವರಿಗೆ ಮಾಡಿಕೊಡಬೇಕಿಲ್ಲ. ಮೂರು ವರ್ಷದವಳಿದ್ದಾಗಲೇ ಅಮ್ಮನ ಹವ್ಯಾಸಿ ತಂಡದ ವೇದಿಕೆ ಹತ್ತಿ ಶಿಶುಗೀತೆ ಹೇಳಿದ್ದಳು. ಆರು ವರ್ಷ ದಾಟುತ್ತಿದ್ದಂತೆ ಲಂಡನ್ ಬಳಿಯ ರೋಹ್ಯಾಂಪ್ಟನ್ನಿನ ಕಾನ್ವೆಂಟ್ ಹಾಸ್ಟೆಲಿಗೆ ಸೇರಿಸಿದರು. ಅಲ್ಲಿ ಗೆಳತಿಯಾಗಿದ್ದವಳು ಮಾರಿನ್ ಓ ಸುಲಿವನ್. ಮುಂದೆ ಟಾರ್ಜನ್ ಚಿತ್ರಗಳಲ್ಲಿ ಜೇನ್ ಆದವಳು.

ಮುಂದೆ ರಾಯಲ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್ ಸೇರಿದಳು. 1932ರಲ್ಲಿ, ಹತ್ತೊಂಬತ್ತು ತುಂಬಿದ ಸ್ವಲ್ಪ ದಿನಕ್ಕೆ, ಬ್ಯಾರಿಸ್ಟರ್ ಹರ್ಬರ್ಟ್ ಲೀ ಹೋಲ್ಮನ್ ಜೊತೆ ಮದುವೆ. ಮರುವರ್ಷ ಮಗಳು ಸುಜಾನ್ ಹುಟ್ಟಿದಳು. ಗಂಡನಿಗೆ ನಾಟಕದವರ ಸಹವಾಸ ಅಷ್ಟಕ್ಕಷ್ಟೇ. ಆದರೂ ಆಕೆ ರಂಗದ ಹೆಸರಿಗೆ ತೆಗೆದುಕೊಂಡಿದ್ದು ಗಂಡನ ಹೆಸರಿನ ನಡುವಿನ ಲೀಯನ್ನೇ. 1935ರಲ್ಲಿ ‘ದ ಮಾಸ್ಕ್ ಆಫ್ ವರ್ಚ್ಯೂ’ ನಾಟಕ ಲಂಡನ್ನಿನಲ್ಲಿ ಗೆದ್ದಿತು. ರಾತ್ರಿ ಬೆಳಗಾಗುವುದರೊಳಗೆ ಪತ್ರಿಕೆಗಳ ತುಂಬ ಆಕೆಯದೇ ಸುದ್ದಿ.

‘ಫೈರ್ ಓವರ್ ಇಂಗ್ಲೆಂಡ್’ ಚಿತ್ರದಲ್ಲಿ ಲಾರೆನ್ಸ್ ಒಲಿವಿಯರ್ ಎದುರು ನಟಿಸುವಾಗ ಇಬ್ಬರಿಗೂ ಪ್ರೀತಿ ಬಲಿಯಿತು. ಆತನಿಗೂ ಮದುವೆಯಾಗಿತ್ತು, ಚಿಕ್ಕ ಮಗನಿದ್ದ. ಇಬ್ಬರೂ ಮನೆ ಬಿಟ್ಟು ಬಂದರು. ಸುಜಾನ್ ಅಪ್ಪನ ಬಳಿ ಉಳಿದಳು. ಆರನೇ ವಯಸ್ಸಿಗೆ ಅಪ್ಪ ಅಮ್ಮನಿಂದ ದೂರವಾಗಿ ಬೆಳೆದವಳು ತನ್ನ ಮಗಳನ್ನೂ ಬಿಟ್ಟು ಹೊರಟಿದ್ದು ನನಗೆ ನುಂಗಲಾರದ ತುತ್ತು. ವಿವಿಯನ್ ಬಗ್ಗೆ ಮೆಚ್ಚಿ ಬರೆಯುವವರು ಇದನ್ನು ಹಾರಿಸಬಾರದು.

ಅತ್ತ ಹಾಲಿವುಡ್ಡಿನಲ್ಲಿ ನಿರ್ಮಾಪಕ ಡೇವಿಡ್ ಸೆಲ್ಜ್ನಿಕ್ ಸ್ಕಾರ್ಲೆಟ್ ಓ ಹಾರಾ ಪಾತ್ರಕ್ಕಾಗಿ ಎರಡು ವರ್ಷದಿಂದ ಹುಡುಕುತ್ತಿದ್ದ. ದೊಡ್ಡ ದೊಡ್ಡ ತಾರೆಯರೆಲ್ಲ ಪ್ರಯತ್ನಿಸಿದ್ದರು. 1938ರ ಡಿಸೆಂಬರಿನಲ್ಲಿ, ನಾಯಕಿಯೇ ಇಲ್ಲದೆ, ಸ್ಟುಡಿಯೊದ ಹಳೆಯ ಸೆಟ್‌ಗಳಿಗೆ ಬೆಂಕಿ ಇಟ್ಟು ಅಟ್ಲಾಂಟಾ ಉರಿಯುವ ದೃಶ್ಯ ತೆಗೆದರು. ಆ ರಾತ್ರಿ ಬೆಂಕಿಯ ಬೆಳಕಿನಲ್ಲಿ ಸೆಲ್ಜ್ನಿಕ್ಕನ ಅಣ್ಣ ಮೈರನ್ ವಿವಿಯನ್ನಳನ್ನು ಪರಿಚಯಿಸಿದ ಎಂಬುದು ಸಿನಿಮಾ ಇತಿಹಾಸದಲ್ಲಿ ಮತ್ತೆ ಮತ್ತೆ ಹೇಳುವ ಕಥೆ. ಅಮೆರಿಕದ ದಕ್ಷಿಣದ ಹೆಣ್ಣಿನ ಪಾತ್ರ ಡಾರ್ಜಿಲಿಂಗಿನಲ್ಲಿ ಹುಟ್ಟಿದ ಇಂಗ್ಲಿಷ್ ಹುಡುಗಿಯ ಪಾಲಾಯಿತು.

ಚಿತ್ರೀಕರಣ ಸುಖದ್ದಾಗಿರಲಿಲ್ಲ. ಕೆಲವೇ ವಾರಗಳಲ್ಲಿ ನಿರ್ದೇಶಕ ಜಾರ್ಜ್ ಕ್ಯೂಕರ್ ಬದಲಿಗೆ ವಿಕ್ಟರ್ ಫ್ಲೆಮಿಂಗ್ ಬಂದ. ವಿವಿಯನ್ ಮತ್ತು ಸಹನಟಿ ಒಲಿವಿಯಾ ಡಿ ಹ್ಯಾವಿಲ್ಯಾಂಡ್ ಗುಟ್ಟಾಗಿ ಕ್ಯೂಕರ್ ಮನೆಗೆ ಹೋಗಿ ಪಾತ್ರದ ಬಗ್ಗೆ ಸಲಹೆ ಪಡೆಯುತ್ತಿದ್ದರು. ಆಕೆ ತಿಂಗಳುಗಟ್ಟಲೆ, ಎಲ್ಲರಿಗಿಂತ ಹೆಚ್ಚು ದಿನ ಸೆಟ್ಟಿನಲ್ಲಿ ದುಡಿದಳು. ಸಂಭಾವನೆ ಮಾತ್ರ ನಾಯಕ ಕ್ಲಾರ್ಕ್ ಗೇಬಲ್‌ಗೆ ಸಿಕ್ಕಿದ್ದರ ಒಂದು ಭಾಗ. 1940ರ ಆರಂಭದಲ್ಲಿ ಆಸ್ಕರ್ ಬಂತು. ಅದೇ ವರ್ಷ ಆಗಸ್ಟಿನಲ್ಲಿ ಒಲಿವಿಯರ್ ಜೊತೆ ಮದುವೆಯೂ ಆಯಿತು. ಆಗ ವಯಸ್ಸು ಇಪ್ಪತ್ತಾರು.

ಇಲ್ಲಿಂದಾಚೆಗಿನ ಕಥೆಯನ್ನು ನಾನು ನಿಧಾನವಾಗಿ ಓದಿದೆ.

1943ರಲ್ಲಿ ಉತ್ತರ ಆಫ್ರಿಕಾದಲ್ಲಿದ್ದ ಸೈನಿಕರಿಗಾಗಿ ಪ್ರದರ್ಶನ ಕೊಡಲು ಹೋಗಿ ಬಂದಳು. ಮರುವರ್ಷ ‘ಸೀಸರ್ ಅಂಡ್ ಕ್ಲಿಯೋಪಾತ್ರ’ ಚಿತ್ರೀಕರಣದ ಸಮಯದಲ್ಲಿ ಗರ್ಭಪಾತವಾಯಿತು. ಅದರ ಬೆನ್ನಿಗೇ ಖಿನ್ನತೆ ಕಾಣಿಸಿಕೊಂಡಿತು. 1945ರಲ್ಲಿ ಎಡ ಶ್ವಾಸಕೋಶದಲ್ಲಿ ಕ್ಷಯ ಪತ್ತೆಯಾಯಿತು. ಕೆಲವು ದಿನ ಮಿತಿಮೀರಿದ ಉತ್ಸಾಹ, ನಿದ್ದೆಯಿಲ್ಲದ ರಾತ್ರಿಗಳು, ಹತ್ತಿರದವರ ಮೇಲೆ ಸಿಟ್ಟು. ಆಮೇಲೆ ಕುಸಿತ, ಅಳು. ಎಷ್ಟೋ ಸಲ ತಾನು ಮಾಡಿದ್ದರ ನೆನಪೂ ಇರುತ್ತಿರಲಿಲ್ಲ. ಇಂದು ಬೈಪೋಲಾರ್ ಎನ್ನುವ ಕಾಯಿಲೆ ಅದು. ಆಗ ಹೊರಗಿನವರ ಕಣ್ಣಿಗೆ ಅದು ತಾರೆಯೊಬ್ಬಳ ಜಂಭ, ಹಟ. ಜೊತೆಯಲ್ಲಿ ಕೆಲಸ ಮಾಡುವುದು ಕಷ್ಟ ಎಂಬ ಹೆಸರು ಬಂತು.

1949ರಲ್ಲಿ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ ನಾಟಕದ ಬ್ಲಾಂಚ್ ಪಾತ್ರ ಬಂತು. ಮನಸ್ಸು ಸಡಿಲಗೊಳ್ಳುತ್ತಾ ಹೋಗುವ ಹೆಣ್ಣಿನ ಪಾತ್ರ. ಲಂಡನ್ನಿನ ಆಲ್ಡ್ವಿಚ್ ರಂಗಮಂದಿರದಲ್ಲಿ ಒಲಿವಿಯರ್ ನಿರ್ದೇಶನದಲ್ಲಿ 326 ಪ್ರದರ್ಶನಗಳಾದವು. ಆಮೇಲೆ ಎಲಿಯಾ ಕಜಾನ್ ನಿರ್ದೇಶಿಸಿದ ಸಿನಿಮಾದಲ್ಲೂ ಮಾರ್ಲನ್ ಬ್ರಾಂಡೊ ಎದುರು ಅದೇ ಪಾತ್ರ. ಎರಡನೇ ಆಸ್ಕರ್ ಬಂತು. ಆ ಪಾತ್ರವೇ ತನ್ನನ್ನು ಹುಚ್ಚಿನ ಅಂಚಿಗೆ ತಳ್ಳಿತು ಎಂದು ಆಕೆ ಮುಂದೆ ಹೇಳಿಕೊಂಡಳು.

1953ರಲ್ಲಿ ‘ಎಲಿಫೆಂಟ್ ವಾಕ್’ ಚಿತ್ರಕ್ಕಾಗಿ ಸಿಲೋನಿಗೆ ಹೋದವಳು ಚಿತ್ರೀಕರಣದ ನಡುವೆ ಪೂರ್ತಿ ಕುಸಿದಳು. ಪಾತ್ರ ಎಲಿಜಬೆತ್ ಟೇಲರ್‌ಗೆ ಹೋಯಿತು. ದೂರದಿಂದ ತೆಗೆದ ಕೆಲವು ದೃಶ್ಯಗಳಲ್ಲಿ ಇಂದಿಗೂ ಇರುವವಳು ವಿವಿಯನ್ನೇ. ಒಲಿವಿಯರ್ ಆಕೆಯನ್ನು ಇಂಗ್ಲೆಂಡಿಗೆ ಕರೆತಂದು ಆಸ್ಪತ್ರೆಗೆ ಸೇರಿಸಿದ. ಸುದ್ದಿ ಜಗಜ್ಜಾಹೀರಾಯಿತು. ವಿದ್ಯುತ್ ಶಾಕ್ ಚಿಕಿತ್ಸೆ ಆಕೆಯ ಬದುಕಿನ ಭಾಗವಾಯಿತು.

ಲೀಥಿಯಂ ಎಂಬ ಔಷಧಿ ಈ ಕಾಯಿಲೆಗೆ ನಾಟುತ್ತದೆ ಎಂದು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಪ್ರಕಟಿಸಿದ್ದು 1949ರಲ್ಲಿ. ಆಕೆ ಬ್ಲಾಂಚ್ ಆಗಿ ರಂಗಕ್ಕೆ ಬಂದ ವರ್ಷವೇ. ಅಮೆರಿಕದಲ್ಲಿ ಅದಕ್ಕೆ ಸರ್ಕಾರಿ ಒಪ್ಪಿಗೆ ಸಿಕ್ಕಿದ್ದು 1970ರಲ್ಲಿ. ಅಷ್ಟರಲ್ಲಿ ವಿವಿಯನ್ ತೀರಿಕೊಂಡು ಮೂರು ವರ್ಷವಾಗಿತ್ತು. ನನ್ನ ಮೇಜಿನ ಮೇಲಿದ್ದ ಮಾತ್ರೆಯ ಪಟ್ಟಿ ನೋಡಿದಾಗಲೆಲ್ಲ ಈ ಲೆಕ್ಕ ನೆನಪಾಗುತ್ತಿತ್ತು.

ಇಷ್ಟಾದರೂ ಆಕೆ ಮೂಲೆ ಹಿಡಿಯಲಿಲ್ಲ. 1955ರಲ್ಲಿ ಸ್ಟ್ರಾಟ್‌ಫರ್ಡ್‌ನಲ್ಲಿ ಷೇಕ್ಸ್‌ಪಿಯರ್ ನಾಟಕಗಳಲ್ಲಿ ನಟಿಸಿದಳು. 1957ರಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ರಂಗಮಂದಿರವನ್ನು ಕೆಡವುತ್ತಾರೆಂದು ಗೊತ್ತಾದಾಗ ಬೀದಿಗಿಳಿದು ಮೆರವಣಿಗೆ ಮಾಡಿದಳು. ಹೌಸ್ ಆಫ್ ಲಾರ್ಡ್ಸ್ ಗ್ಯಾಲರಿಯಲ್ಲಿ ಎದ್ದು ನಿಂತು ಪ್ರತಿಭಟಿಸಿ ಹೊರಹಾಕಿಸಿಕೊಂಡಳು. ಕಟ್ಟಡ ಉಳಿಯಲಿಲ್ಲ. 1960ರಲ್ಲಿ ಒಲಿವಿಯರ್ ಜೊತೆಗಿನ ಮದುವೆಯೂ ಮುರಿಯಿತು. ನಟ ಜಾನ್ ಮೆರಿವೇಲ್ ಕಾಯಿಲೆಯ ವಿಷಯ ಗೊತ್ತಿದ್ದೂ ಜೊತೆಗೆ ನಿಂತ. 1963ರಲ್ಲಿ ಬ್ರಾಡ್‌ವೇಯ ‘ತೊವಾರಿಚ್’ ಸಂಗೀತ ನಾಟಕದಲ್ಲಿ ಹಾಡಿ ಕುಣಿದು ಟೋನಿ ಪ್ರಶಸ್ತಿ ಗೆದ್ದಳು. ಅದೇ ನಾಟಕವನ್ನು ಕಾಯಿಲೆ ಮರುಕಳಿಸಿ ಅರ್ಧಕ್ಕೆ ಬಿಟ್ಟಳು.

1967ರಲ್ಲಿ ಹೊಸ ನಾಟಕದ ತಯಾರಿಯಲ್ಲಿದ್ದಾಗ ಕ್ಷಯ ಮತ್ತೆ ಉಲ್ಬಣಿಸಿತು. ಜುಲೈ 7ರ ರಾತ್ರಿ ಮೆರಿವೇಲ್ ತನ್ನ ನಾಟಕ ಮುಗಿಸಿ ಮನೆಗೆ ಬಂದಾಗ ಆಕೆ ಮಲಗಿದ್ದಳು. ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಕೋಣೆಗೆ ಹೋದಾಗ ನೆಲದ ಮೇಲೆ ಬಿದ್ದಿದ್ದಳು, ಉಸಿರಿರಲಿಲ್ಲ. ಐವತ್ಮೂರು ವರ್ಷ. ಲಂಡನ್ನಿನ ವೆಸ್ಟ್ ಎಂಡ್ ರಂಗಮಂದಿರಗಳು ಒಂದು ಗಂಟೆ ಹೊರದೀಪಗಳನ್ನು ಆರಿಸಿ ಗೌರವ ಸಲ್ಲಿಸಿದವು.

ಕೊನೆಯ ಪುಟಗಳನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹುಡುಗಿಗೆ ಮೊದಲೇ ಒಳ್ಳೆ ಮಾತ್ರೆ ಸಿಕ್ಕಿದ್ದರೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಡುಗೆಮನೆಗೆ ಹೋದರು.

ಮುಂದಿನ ವಾರ ಮತ್ತೆ ಡಾಕ್ಟರ ಬಳಿ ಹೋಗುವುದಿದೆ. ಅರ್ಧ ದಿನ ರಜೆ ಹಾಕಿದ್ದೇನೆ. ಈ ಸಲ ಕಾರಣದ ಜಾಗದಲ್ಲಿ ಮನೋವೈದ್ಯರ ಭೇಟಿ ಎಂದೇ ಬರೆದೆ. ಮ್ಯಾನೇಜರು ಏನೂ ಕೇಳದೆ ಒಪ್ಪಿಗೆ ಕೊಟ್ಟರು. ಹಾಗೆ ಬರೆದದ್ದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ. ಪೇಪರಿನಲ್ಲಿ ಇದನ್ನು ಓದಿ ಅವರೇ ಫೋನ್ ಮಾಡುತ್ತಾರೆ.