ಬಿಲ್ಲಾಳುಗಳ ಮುಂದಾಳು ತಲಕ್ಕಲ್ ಚಂದು

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡಿನೊಳಗೆ ಸಾಗಿ ಮೂಲೆಹೊಳೆಯನ್ನು ದಾಟಿದರೆ ಕೇರಳದ ನೆಲ ಮೊದಲಾಗುತ್ತದೆ. ಅಲ್ಲಿ ನಮ್ಮನ್ನು ಮೊದಲಿಗೆ ಎದುರುಗೊಳ್ಳುವುದು ವಯನಾಡು ಜಿಲ್ಲೆಯ ನೂಲ್ಪುಳ. ನೂಲು ಎಂಬ ಮಾತು ಕನ್ನಡಕ್ಕೂ ಮಲಯಾಳಕ್ಕೂ ಸಮಾನವಾದುದು. ಪುಳ ಎಂದರೆ ಹೊಳೆ. ಮುತ್ತಂಗದ ಕಾಡಿನಲ್ಲಿ ನೂಲೆಳೆಯಂತೆ ಸುಳಿಯುವ ಆ ಹೊಳೆಯ ನೀರು ಕಡೆಗೆ ಕಪಿಲೆಯನ್ನು ಕೂಡಿಕೊಂಡು ಕನ್ನಡನಾಡಿಗೆ ಹರಿದುಬರುತ್ತದೆ. ಕುರುಮರು, ಪಣಿಯರು, ಕಾಡುನಾಯ್ಕರು ಅಲ್ಲಿನ ಹಳೆಯ ನಿವಾಸಿಗಳು. ಕಾಡುನಾಯ್ಕರ ಆಡುಮಾತಿಗೂ ನಮ್ಮ ಕನ್ನಡಕ್ಕೂ ಹತ್ತಿರದ ನಂಟುಂಟು. ಹೀಗೆ ನೀರಿನಿಂದಲೂ ನುಡಿಯಿಂದಲೂ ನಮಗೆ ನೆರೆಯಾದ ಈ ನಾಡಿನಲ್ಲಿ ಇನ್ನೂರು ವರ್ಷಗಳ ಹಿಂದೆ ಬಾಳಿದ ಒಬ್ಬ ವೀರನ ಕಥೆಯನ್ನು ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ವಿದ್ಯಾರ್ಥಿಗಳ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ. ಆತನೇ ತಲಕ್ಕಲ್ ಚಂದು.

ಚಂದುವಿನ ಹಿರಿಮೆಯನ್ನು ಅರಿಯಬೇಕಾದರೆ ಸೈನ್ಯದ ಕಟ್ಟಡವನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಯುದ್ಧವನ್ನು ಗೆದ್ದಾಗ ಸೇನಾಪತಿಯ ಹೆಸರು ಎಲ್ಲರ ಬಾಯಲ್ಲೂ ನಲಿಯುತ್ತದೆ. ಆದರೆ ಸೇನಾಪತಿಯ ಆಜ್ಞೆಯು ಸಿಪಾಯಿಯ ಕೈಯ ಕೆಲಸವಾಗಿ ಮಾರ್ಪಡುವುದು ನಡುವೆ ನಿಂತ ಕೆಲವರಿಂದ. ಭಾರತೀಯ ಸೇನೆಯಲ್ಲಿ ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್ ಎಂದು ಅವರನ್ನು ಕರೆಯುತ್ತಾರೆ. ಅವರು ಸಿಪಾಯಿಗಳ ಸಾಲಿನಿಂದಲೇ ಮೇಲೆ ಬಂದವರು. ಹತ್ತು ಮಂದಿಯ ಒಂದು ತುಕಡಿ ಅಂಥವನ ವಶದಲ್ಲಿರುತ್ತದೆ. ಆ ಹತ್ತು ಮಂದಿಯಲ್ಲಿ ಯಾರ ಕಾಲು ನೋಯುತ್ತಿದೆ, ಯಾರ ಮನೆಯಿಂದ ಕಾಗದ ಬಂದಿಲ್ಲ, ಯಾರ ಬಂದೂಕು ಶುಚಿಯಾಗಿಲ್ಲ ಎಂಬುದು ಅವನಿಗೆ ಗೊತ್ತಿರಬೇಕು. ಮೇಲಿನಿಂದ ಬಂದ ಆಜ್ಞೆಯನ್ನು ಕೆಳಗೆ ಮುಟ್ಟಿಸುವುದು ಎಷ್ಟು ಮುಖ್ಯವೋ, ಕೆಳಗಿನ ನಿಜಸ್ಥಿತಿಯನ್ನು ಅಂಜದೆ ಮೇಲಿನವರಿಗೆ ತಿಳಿಸುವುದೂ ಅಷ್ಟೇ ಮುಖ್ಯ. ಉಣ್ಣುವಾಗ ಕೊನೆಯವನಾಗಿ, ನುಗ್ಗುವಾಗ ಮೊದಲಿಗನಾಗಿ ಇರುವುದು ಅವನ ಧರ್ಮ. ತಲಕ್ಕಲ್ ಚಂದುವಿಗೆ ಇಂಥ ಪದವಿಯಾಗಲಿ ಸಮವಸ್ತ್ರವಾಗಲಿ ಇರಲಿಲ್ಲ. ರಾಜನಿಗೂ ಅವನ ದಂಡನಾಯಕನಿಗೂ ಕೆಳಗೆ, ಬಿಲ್ಲು ಹಿಡಿದ ಕಾಡಿನ ಮಕ್ಕಳಿಗೆ ಮುಂದೆ ನಿಂತವನು ಆತ.

ಚಂದು ಹುಟ್ಟಿದ್ದು ಕುರಿಚ್ಯರ ಕುಲದಲ್ಲಿ. ಕುರಿಚ್ಯರು ವಯನಾಡಿನ ಬೆಟ್ಟಗಳಲ್ಲಿ ಭತ್ತ, ರಾಗಿ ಬೆಳೆದು, ಬೇಟೆಯಾಡಿ ಬಾಳುತ್ತಿದ್ದ ಸ್ವಾಭಿಮಾನಿ ಜನ. ತಾಯಿಯ ಕಡೆಯಿಂದ ವಂಶವನ್ನು ಎಣಿಸುವ ದೊಡ್ಡ ಅವಿಭಕ್ತ ಕುಟುಂಬಗಳು ಅವರವು. ಮಿಟ್ಟಂ ಎಂದು ಕರೆಯಲಾಗುವ ಅಂಗಳದ ಸುತ್ತ ಮನೆಗಳಿದ್ದು, ದುಡಿಮೆಯ ಫಲವೆಲ್ಲ ಒಂದೇ ಕಣಜಕ್ಕೆ ಸೇರುತ್ತಿತ್ತು. ಮನೆಯ ಹಿರಿಯನ ಮಾತೇ ಶಾಸನ. ಆದರೆ ಎಲ್ಲರ ಹಸಿವೆಯೂ ಆ ಹಿರಿಯನ ಹೊಣೆ. ಬಿಲ್ಲುವಿದ್ಯೆಯನ್ನು ಹುಡುಗರು ಹಿರಿಯರ ಬೆನ್ನ ಹಿಂದೆ ಕಾಡು ಸುತ್ತುತ್ತಲೇ ಕಲಿಯುತ್ತಿದ್ದರು. ಗುರಿ ತಪ್ಪದ ಬಾಣಕ್ಕೆ ಕುರಿಚ್ಯರು ಇಂದಿಗೂ ಹೆಸರುವಾಸಿ. ಆಜ್ಞೆಯನ್ನು ಪಾಲಿಸುವ ಅಭ್ಯಾಸ, ಹಂಚಿ ಉಣ್ಣುವ ರೂಢಿ, ಹಿರಿಯನಾದವನಿಗೆ ಹೊಣೆಗಾರಿಕೆಯೂ ಹಿರಿದು ಎಂಬ ತಿಳಿವಳಿಕೆ, ಇವು ಚಂದುವಿನ ಜನಕ್ಕೆ ಯಾವ ಶಿಬಿರದಿಂದಲೂ ಬಂದವುಗಳಲ್ಲ. ಮನೆಯ ಅಂಗಳದಿಂದಲೇ ಬಂದವು.

ಆತನ ಕಾಲವಾದರೋ ಬಿರುಗಾಳಿಯ ಕಾಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಮಲಬಾರು ಟಿಪ್ಪು ಸುಲ್ತಾನನ ಕೈತಪ್ಪಿ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಉತ್ತರ ಮಲಬಾರಿನ ಕೋಟ್ಟಯಂ ರಾಜಮನೆತನದ ಕೇರಳವರ್ಮ ಪಳಶ್ಶಿರಾಜನು ಕಂಪನಿಯ ಕಂದಾಯದ ಕ್ರಮಕ್ಕೆ ಮಣಿಯಲಿಲ್ಲ. 1797ರ ಮಾರ್ಚ್ ತಿಂಗಳಲ್ಲಿ ಪೆರಿಯ ಘಾಟಿಯ ಇಕ್ಕಟ್ಟಿನಲ್ಲಿ ಕಂಪನಿಯ ಪಡೆಗೆ ಭಾರಿ ಪೆಟ್ಟು ಬಿದ್ದು, ಅದರ ನಾಯಕ ಮೇಜರ್ ಕ್ಯಾಮೆರಾನನು ಮಡಿದನು. ಆ ಬಳಿಕ ಕೆಲಕಾಲ ಸಂಧಿಯಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ ಕಂಪನಿಯು ವಯನಾಡನ್ನೂ ತನ್ನದೆಂದು ಸಾರಿತು. ಪಳಶ್ಶಿರಾಜನು ಅದನ್ನು ಒಪ್ಪದೆ ಮತ್ತೆ ಕತ್ತಿ ಹಿರಿದನು. ಮೈಸೂರು, ಮಲಬಾರುಗಳ ಸೈನ್ಯಾಧಿಕಾರ ಹೊತ್ತಿದ್ದವನು ಮುಂದೆ ನೆಪೋಲಿಯನ್ನನನ್ನು ವಾಟರ್ಲೂವಿನಲ್ಲಿ ಗೆದ್ದ ಆರ್ಥರ್ ವೆಲ್ಲೆಸ್ಲಿ. ರಾಜನ ಪಕ್ಷದಲ್ಲಿ ನಾಯರ್ ಯೋಧರಿದ್ದರು. ಎಡಚ್ಚೇನ ಕುಂಗನ್‌ನಂಥ ದಂಡನಾಯಕರಿದ್ದರು. ಕುರಿಚ್ಯರೂ ಕುರುಮರೂ ಇದ್ದರು. ಕುರಿಚ್ಯ ಬಿಲ್ಲಾಳುಗಳ ಮುಂದಾಳುತನ ಚಂದುವಿನದಾಗಿತ್ತು.

1801ರ ಹೊತ್ತಿಗೆ ಕಂಪನಿಯ ಕೈ ಮೇಲಾಯಿತು. ಘಾಟಿಗಳನ್ನೆಲ್ಲ ಅದು ಹಿಡಿದುಕೊಂಡಿತು. ರಾಜನು ಕಾಡುಪಾಲಾದನು, ಅವನ ಆಪ್ತ ಕಣ್ಣವತ್ತ್ ಶಂಕರನ್ ನಂಬಿಯಾರನನ್ನು ಗಲ್ಲಿಗೇರಿಸಲಾಯಿತು. ದಂಗೆ ಮುಗಿಯಿತೆಂದೇ ಕಂಪನಿಯ ಅಧಿಕಾರಿಗಳು ಭಾವಿಸಿದರು. ಅಂಥ ಸಮಯದಲ್ಲಿ, 1802ರ ಅಕ್ಟೋಬರ್ ತಿಂಗಳ ಮೊದಲ ವಾರದಲ್ಲಿ, ಒಂದು ಸಣ್ಣ ಘಟನೆ ನಡೆಯಿತು. ಕಂಪನಿಯ ಪಟ್ಟೆದಾರ ಜವಾನನೊಬ್ಬನು ಒಬ್ಬ ಕುರಿಚ್ಯನ ಮನೆಗೆ ಬಂದು ಭತ್ತ ಕೊಡೆಂದು ಒತ್ತಾಯಿಸಿದನು. ಎಡಚ್ಚೇನ ಕುಂಗನ್ ಅದೇ ಮನೆಯಲ್ಲಿದ್ದನು. ಅವನು ಆ ಜವಾನನನ್ನು ಅಲ್ಲಿಯೇ ಕೊಂದನು. ಇನ್ನು ಕಂಪನಿಯು ತಮ್ಮನ್ನು ಸುಮ್ಮನೆ ಬಿಡದೆಂಬುದು ಸುತ್ತಣ ಕುರಿಚ್ಯರಿಗೆ ಖಚಿತವಾಯಿತು. ಸುಮಾರು ನೂರೈವತ್ತು ಮಂದಿ ಬಿಲ್ಲು ಹಿಡಿದು ಹೊರಟರು. ಅವರ ಗುರಿ ಪನಮರದ ಕಂಪನಿ ಠಾಣ್ಯ.

ಆ ಠಾಣ್ಯದಲ್ಲಿ ನಾಲ್ಕನೆಯ ಬೊಂಬಾಯಿ ಪದಾತಿದಳದ ಮೊದಲನೆಯ ಬೆಟಾಲಿಯನ್ನಿನ ಎಪ್ಪತ್ತು ಸೈನಿಕರಿದ್ದರು. ಕ್ಯಾಪ್ಟನ್ ಡಿಕೆನ್ಸನ್, ಲೆಫ್ಟಿನೆಂಟ್ ಮ್ಯಾಕ್ಸ್‌ವೆಲ್ ಅವರ ಅಧಿಕಾರಿಗಳು. ಕೆಲವು ಮೈಲಿಗಳಾಚೆ ಪುಳಿಂಜಾಲಿನಲ್ಲಿ ಮೇಜರ್ ಡ್ರಮಂಡನ ದೊಡ್ಡ ಪಡೆಯಿತ್ತು. ಬಂದೂಕಿನ ಮುಂದೆ ಬಿಲ್ಲು ಹಿಡಿದು ನಿಲ್ಲುವುದು ಸಾಮಾನ್ಯವಲ್ಲ. ನೂರೈವತ್ತು ಮಂದಿಯಲ್ಲಿ ಒಬ್ಬನು ಅವಸರಪಟ್ಟು ಕೂಗಿದರೂ, ಒಬ್ಬನ ಬಾಣ ಮೊದಲೇ ಹಾರಿದರೂ ಎಲ್ಲವೂ ನಷ್ಟ. ಇಲ್ಲಿ ಬೇಕಾದುದು ಕೈಸನ್ನೆಗೆ ಕಾದು ನಿಲ್ಲುವ ಶಿಸ್ತು. ಸನ್ನೆ ಮಾಡುವವನ ಮೇಲೆ ಸಂಪೂರ್ಣ ನಂಬಿಕೆ. 1802ರ ಅಕ್ಟೋಬರ್ 11ರಂದು ಕುಂಗನ್ ಮತ್ತು ಚಂದುವಿನ ಮುಂದಾಳುತನದಲ್ಲಿ ದಾಳಿ ನಡೆಯಿತು. ಮೊದಲು ಕಾವಲುಗಾರನ ಬಂದೂಕನ್ನು ಕಸಿದುಕೊಂಡು ಅವನನ್ನು ಬಾಣಗಳಿಂದ ಉರುಳಿಸಿದರು. ಬಳಿಕ ಠಾಣ್ಯದೊಳಕ್ಕೆ ನುಗ್ಗಿದರು. ಡಿಕೆನ್ಸನನು ಪಿಸ್ತೂಲು, ಕತ್ತಿಗಳಿಂದ ಕಡೆಯವರೆಗೂ ಹೋರಾಡಿ ಹದಿನೈದು ಮಂದಿ ಕುರಿಚ್ಯರನ್ನು ಗಾಯಗೊಳಿಸಿದನು. ಅವರಲ್ಲಿ ಐವರು ತೀರಿಕೊಂಡರು. ಇಬ್ಬರು ಅಧಿಕಾರಿಗಳೊಡನೆ ಠಾಣ್ಯದ ಪಡೆಯೆಲ್ಲ ನೆಲಕ್ಕುರುಳಿತು. 112 ಬಂದೂಕುಗಳು, ಆರು ಪೆಟ್ಟಿಗೆ ಮದ್ದುಗುಂಡು, 6,000 ರೂಪಾಯಿ ದಾಳಿಕಾರರ ವಶವಾದವು. ಕಟ್ಟಡಗಳು ನಾಶವಾದವು.

ಈ ಜಯವನ್ನು ಕೊಂಡಾಡುವಾಗ ಮರೆಯಬಾರದ ಸಂಗತಿಯೊಂದಿದೆ. ಅಲ್ಲಿ ಮಡಿದ ಸಿಪಾಯಿಗಳೂ ಈ ದೇಶದ ಹಳ್ಳಿಗಾಡಿನ ಮಕ್ಕಳೇ. ಸಂಬಳಕ್ಕಾಗಿ ದೂರದಿಂದ ಬಂದ ಅವರಿಗೂ ಮನೆಯಲ್ಲಿ ದಾರಿ ಕಾಯುವ ತಾಯಂದಿರಿದ್ದರು. ಯುದ್ಧವೆಂಬುದು ಎಷ್ಟು ಕಠೋರವೆಂಬುದನ್ನು ಪನಮರದ ಕಥೆಯು ಎರಡೂ ಕಡೆಯಿಂದ ಹೇಳುತ್ತದೆ. ಚಂದುವಿನ ಪಾಲಿಗೆ ಅಂದು ಬಿದ್ದ ಕುರಿಚ್ಯರು ಬರಿಯ ಸಂಖ್ಯೆಯಾಗಿರಲಾರರು. ದೂರದ ನಗರದಲ್ಲಿ ಕುಳಿತು ಆಜ್ಞೆ ಕಳುಹಿಸುವವನು ಸತ್ತವರನ್ನು ಎಣಿಸಬಲ್ಲನು. ತನ್ನ ಕುಲದವರನ್ನು ಕರೆದುಕೊಂಡು ಹೋದವನಾದರೋ ಹಿಂದಿರುಗಿ ಅವರವರ ಅಂಗಳದಲ್ಲಿಯೇ ನಿಲ್ಲಬೇಕು. ಮುಂದಾಳುತನದ ಅತಿ ಭಾರವಾದ ಕರ್ತವ್ಯ ಇದೇ.

ಪನಮರದ ಸುದ್ದಿ ವಯನಾಡನ್ನೆಲ್ಲ ಎಚ್ಚರಿಸಿತು. ಡ್ರಮಂಡನ ಪಡೆಯು ಹತ್ತಿರದಲ್ಲಿದ್ದೂ ಮೈಗೊಡವಲಿಲ್ಲ. ಪುಲ್ಪಳ್ಳಿಯ ದೇವಾಲಯದಿಂದ ಕುಂಗನ್ ಕರೆ ಕಳುಹಿಸಿದಾಗ ಸುಮಾರು ಮೂರು ಸಾವಿರ ಮಂದಿ ಬಂದು ಕೂಡಿದರು. ಒಂದು ವರ್ಷದಿಂದ ಆರಿಹೋದಂತೆ ಕಾಣುತ್ತಿದ್ದ ಕೆಂಡಕ್ಕೆ ನೂರೈವತ್ತು ಬಿಲ್ಲುಗಳು ಗಾಳಿಯೂದಿದ್ದವು. ವೆಲ್ಲೆಸ್ಲಿಯು ಮೈಸೂರಿನಿಂದ ಪಡೆಗಳನ್ನು ಕಳುಹಿಸಬೇಕಾಯಿತು. ಆದರೂ ಕಾಡಿನ ಹೋರಾಟ ಮೂರು ವರ್ಷಗಳ ಕಾಲ ನಿಲ್ಲಲಿಲ್ಲ.

ಈ ಮೂರು ವರ್ಷಗಳಲ್ಲಿಯೇ ಚಂದುವಿನ ನಿಜವಾದ ಪರೀಕ್ಷೆ ನಡೆದುದು. ಒಂದು ದಿನದ ದಾಳಿಗೆ ಧೈರ್ಯವಿದ್ದರೆ ಸಾಕು. ಮಳೆಗಾಲದ ವಯನಾಡಿನಲ್ಲಿ ಜಿಗಣೆ, ಜ್ವರ, ಹಸಿವುಗಳ ನಡುವೆ ಜನರನ್ನು ಒಟ್ಟಿಗೆ ಹಿಡಿದಿಡಲು ಬೇರೆಯೇ ಗುಣ ಬೇಕು. ಕುರಿಚ್ಯರಿಗೆ ಸಂಬಳವಿರಲಿಲ್ಲ. ಬೇಸರವಾದವನು ಬಿಲ್ಲು ಕೆಳಗಿಟ್ಟು ತನ್ನ ಗದ್ದೆಗೆ ಹಿಂದಿರುಗಬಹುದಾಗಿತ್ತು. ಅವರನ್ನು ತಡೆಹಿಡಿದುದು ದಂಡನೆಯ ಭಯವಲ್ಲ, ಮುಂದೆ ನಿಂತವನ ನಡತೆ. 1804ರಲ್ಲಿ ಕಂಪನಿಯು ದಂಗೆಯ ಪ್ರಮುಖರನ್ನು ಹಿಡಿದುಕೊಟ್ಟವರಿಗೆ ಬಹುಮಾನ ಸಾರಿತು. ತಲಶ್ಶೇರಿಯ ಸಬ್ ಕಲೆಕ್ಟರ್ ಥಾಮಸ್ ಹಾರ್ವೆ ಬೇಬರನು ಕೋಲ್ಕಾರರೆಂಬ ಸ್ಥಳೀಯ ಪಡೆಯನ್ನೂ ಗೂಢಚಾರರನ್ನೂ ಬಳಸಿ ಜನರನ್ನು ರಾಜನಿಂದ ಬೇರ್ಪಡಿಸುವ ಉಪಾಯ ಹೂಡಿದನು. ಸೈನ್ಯವು ಮಾಡಲಾರದ ಕೆಲಸವನ್ನು ಹಣವೂ ಭಯವೂ ಮೆಲ್ಲಮೆಲ್ಲನೆ ಮಾಡತೊಡಗಿದವು.

1805ರಲ್ಲಿ ಚಂದು ಸೆರೆಸಿಕ್ಕನು. ಆ ಸುದ್ದಿಯಿಂದ ಕುರಿಚ್ಯರಲ್ಲಿ ಹಬ್ಬಿದ ಕಳವಳವನ್ನು ಸ್ವತಃ ಬೇಬರನೇ ತನ್ನ ವರದಿಯಲ್ಲಿ ದಾಖಲಿಸಿದ್ದಾನೆ. ಆತನ ಯೋಗ್ಯತೆಗೆ ಶತ್ರುವೇ ಬರೆದುಕೊಟ್ಟ ಪ್ರಮಾಣಪತ್ರವಿದು. ಮೂರು ವರ್ಷ ಕಾಡಿನಲ್ಲಿ ಅಲುಗದೆ ನಿಂತ ಜನ ಒಬ್ಬನು ಸೆರೆಯಾದೊಡನೆ ಕಂಗೆಟ್ಟರು ಎಂದರೆ, ಅವರೆಲ್ಲರ ಧೈರ್ಯದ ಬೇರು ಎಲ್ಲಿ ಊರಿತ್ತೆಂಬುದು ತಿಳಿಯುತ್ತದೆ. 1805ರ ನವೆಂಬರ್ 15ರಂದು ಚಂದುವಿಗೆ ಮರಣದಂಡನೆಯಾಯಿತು. ಮೂರು ವರ್ಷಗಳ ಹಿಂದೆ ಆತನು ಗೆದ್ದ ಪನಮರದಲ್ಲಿಯೇ, ಅಲ್ಲಿನ ಕೋಳಿ ಮರವೊಂದರ ಬಳಿ ಅದು ನಡೆಯಿತೆಂದು ವಯನಾಡಿನ ಜನ ನೆನೆಯುತ್ತಾರೆ.

ಆ ಬಳಿಕ ಎಲ್ಲವೂ ಬೇಗ ಬೇಗನೆ ಮುಗಿಯಿತು. ಪೂರ್ವ ವಯನಾಡಿನ ಪುಲ್ಪಳ್ಳಿ ಕಡೆಯ ಕಾಡನ್ನು ಆಶ್ರಯಿಸಿದ್ದ ಪಳಶ್ಶಿರಾಜನು ಹದಿನೈದೇ ದಿನಗಳಲ್ಲಿ, ನವೆಂಬರ್ 30ರಂದು, ಮೈಸೂರು ಗಡಿಯ ಸಮೀಪದ ಒಂದು ತೊರೆಯ ದಡದಲ್ಲಿ ಪ್ರಾಣಬಿಟ್ಟನು. ಬೇಬರನು ಅವನ ದೇಹವನ್ನು ತನ್ನ ಪಲ್ಲಕ್ಕಿಯಲ್ಲಿಯೇ ಮಾನಂದವಾಡಿಗೆ ಸಾಗಿಸಿ, ಸಂಪ್ರದಾಯದಂತೆ ಅಂತ್ಯಕ್ರಿಯೆ ನಡೆಯಲು ಏರ್ಪಾಡು ಮಾಡಿದನು. ಎಡಚ್ಚೇನ ಕುಂಗನ್ ಶತ್ರುಗಳ ಕೈಗೆ ಸಿಕ್ಕುವುದಕ್ಕಿಂತ ಸಾವೇ ಲೇಸೆಂದು ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡನು.

ಆದರೆ ಚಂದು ಕಲಿಸಿದ ಪಾಠ ಅವನೊಡನೆ ಮಣ್ಣಾಗಲಿಲ್ಲ. ಕಂದಾಯವನ್ನು ಧಾನ್ಯದ ಬದಲು ನಗದಾಗಿಯೇ ಕೊಡಬೇಕೆಂದು ಕಂಪನಿಯು ಒತ್ತಾಯಿಸಿದಾಗ, 1812ರಲ್ಲಿ ಕುರಿಚ್ಯರೂ ಕುರುಮರೂ ಮತ್ತೆ ಎದ್ದರು. ಆ ಸಲ ಅವರನ್ನು ಕರೆಯಲು ರಾಜನಿರಲಿಲ್ಲ. ಆದರೂ ಮಾನಂದವಾಡಿಯ ಠಾಣ್ಯವನ್ನೂ ನೂಲ್ಪುಳದ ಮಗ್ಗುಲಿನ ಸುಲ್ತಾನ್ ಬತ್ತೇರಿಯ ಠಾಣ್ಯವನ್ನೂ ಮುತ್ತಿದರು. ಮೈಸೂರಿನ ಕಡೆಯಿಂದಲೂ ಪಡೆಗಳು ಬಂದ ಮೇಲೆಯೇ ಆ ದಂಗೆ ಅಡಗಿದುದು. ಒಳ್ಳೆಯ ಮುಂದಾಳು ತಾನಿಲ್ಲದಾಗಲೂ ನಡೆಯಬಲ್ಲ ಜನರನ್ನು ಹಿಂದೆ ಬಿಟ್ಟುಹೋಗುತ್ತಾನೆ. ಒಬ್ಬ ಹವಾಲ್ದಾರ ಬಿದ್ದರೆ ಅವನ ಪಕ್ಕದ ನಾಯಕನು ತುಕಡಿಯನ್ನು ಮುನ್ನಡೆಸಬೇಕೆಂಬ ಸೈನ್ಯದ ನಿಯಮದ ತಿರುಳೂ ಇದೇ.

ರಾಜರಿಗೆ ಸಮಾಧಿಗಳು ಏಳುತ್ತವೆ. ಮಾನಂದವಾಡಿಯಲ್ಲಿ ಪಳಶ್ಶಿರಾಜನ ಸಮಾಧಿಯನ್ನು ಇಂದಿಗೂ ಕಾಣಬಹುದು. ಅವನಿಗಾಗಿ ಬಿಲ್ಲು ಹಿಡಿದವರ ಮುಂದಾಳಿಗೆ ಪನಮರದಲ್ಲಿ ಸ್ಮಾರಕವಾಗಲು 2012ರ ವರೆಗೆ ಕಾಯಬೇಕಾಯಿತು. ಅದಕ್ಕೆ ಮುನ್ನ, 2009ರಲ್ಲಿ ತೆರೆಕಂಡ ಪಳಶ್ಶಿರಾಜನ ಮಲಯಾಳ ಚಲನಚಿತ್ರವು ಚಂದುವಿನ ಹೆಸರನ್ನು ಹೊಸ ತಲೆಮಾರಿಗೆ ಮುಟ್ಟಿಸಿತ್ತು. ಅಷ್ಟು ಕಾಲ ಆತನನ್ನು ಉಳಿಸಿದ್ದು ಕಂಪನಿಯ ಕಾಗದಪತ್ರಗಳೂ ವಯನಾಡಿನ ಜನರ ನೆನಪೂ.

ನಮ್ಮ ಶಾಲೆಯ ಅಂಗಳದಲ್ಲಿ ಆಡುವ ಮಕ್ಕಳಲ್ಲಿ ಕೆಲವರಾದರೂ ಮುಂದೆ ಸೈನ್ಯವನ್ನು ಸೇರಿಯಾರು. ಉಳಿದವರು ಹೊಲದಲ್ಲಿ, ಕಚೇರಿಯಲ್ಲಿ, ಶಾಲೆಯಲ್ಲಿ ದುಡಿದಾರು. ಎಲ್ಲರೂ ಸೇನಾಪತಿಗಳಾಗುವುದು ಸಾಧ್ಯವಿಲ್ಲ. ಆಗಬೇಕಾದ ಅಗತ್ಯವೂ ಇಲ್ಲ. ಆದರೆ ಹತ್ತು ಮಂದಿಯ ಹೊಣೆ ಒಂದಲ್ಲ ಒಂದು ದಿನ ಹೆಚ್ಚಿನವರ ಹೆಗಲಿಗೆ ಬಂದೇ ಬರುತ್ತದೆ. ತರಗತಿಯ ನಾಯಕನಾದ ಹುಡುಗನಿಗೂ, ಕವಾಯತಿನ ಸಾಲನ್ನು ನಡೆಸುವ ಹುಡುಗಿಗೂ ಅದು ಈಗಲೇ ಬಂದಿದೆ. ಆಗ ತನ್ನವರ ಹೆಸರನ್ನೂ ಕಷ್ಟವನ್ನೂ ಅರಿತಿರುವುದು, ಅಪಾಯ ಬಂದಾಗ ಅವರಿಗಿಂತ ಒಂದು ಹೆಜ್ಜೆ ಮುಂದೆ ನಿಲ್ಲುವುದು, ಸೋಲಿನ ದಿನಗಳಲ್ಲಿ ಅವರನ್ನು ಬಿಟ್ಟು ಹೋಗದಿರುವುದು, ಇಷ್ಟನ್ನು ಮಾಡಿದರೆ ಸಾಕು. ಮುಂದೆಂದಾದರೂ ಮೂಲೆಹೊಳೆಯನ್ನು ದಾಟಿ ನೂಲ್ಪುಳದ ಕಾಡುದಾರಿಯಲ್ಲಿ ಬತ್ತೇರಿಯ ಕಡೆಗೆ ಪ್ರವಾಸ ಹೋಗುವ ವಿದ್ಯಾರ್ಥಿಗಳು ಇನ್ನೂ ಸ್ವಲ್ಪ ದೂರ ಸಾಗಿ ಪನಮರವನ್ನೂ ನೋಡಿ ಬರಲಿ. ಆ ಮರದ ನೆರಳಿನಲ್ಲಿ ಒಂದು ಗಳಿಗೆ ನಿಂತು ಚಂದುವನ್ನೂ, ಅವನ ಹೆಸರಿಲ್ಲದ ಬಿಲ್ಲಾಳುಗಳನ್ನೂ ನೆನೆಯಲಿ.