ಅಮರಜೀವಿ ಪೊಟ್ಟಿ ಶ್ರೀರಾಮುಲು



ನಮ್ಮ ಮನೆಯಲ್ಲಿ ಮಾತಾಡೋದು ತೆಲುಗು. ನಾನು ಓದೋದು, ಬರೆಯೋದು ಕನ್ನಡ. ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಇಂಥ ಮನೆಗಳು ಬಹಳ ಇವೆ. ರಾಜ್ಯೋತ್ಸವದ ದಿನ ಒಬ್ಬ ಗೆಳತಿ ನೀನು ಆಂಧ್ರದವಳಲ್ಲೇನೇ ಅಂತ ಕೇಳಿದಳು. ಏನು ಹೇಳಬೇಕೋ ತಿಳೀಲಿಲ್ಲ. ಭಾಷೆಗೊಂದು ರಾಜ್ಯ ಹೇಗಾಯ್ತು ಅಂತ ಗುರುಗಳನ್ನು ಕೇಳಿದೆ. ಅವರು ಶ್ರೀರಾಮುಲು ಅವರ ಬಗ್ಗೆ ಓದು ಎಂದರು. ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಪೊಟ್ಟಿ ಶ್ರೀರಾಮುಲು ಅವರು 1901ನೇ ಇಸವಿ ಮಾರ್ಚ್ 16ರಂದು ಮದರಾಸಿನಲ್ಲಿ ಜನಿಸಿದರು. ಮುಂಬಯಿಯಲ್ಲಿ ಇಂಜಿನಿಯರಿಂಗ್ ಓದಿ ರೈಲ್ವೆಯಲ್ಲಿ ಕೆಲಸಕ್ಕೆ ಸೇರಿದರು. ಹೆಂಡತಿಯೂ ಹಸುಗೂಸೂ ತೀರಿಕೊಂಡ ಮೇಲೆ ನೌಕರಿ ಬಿಟ್ಟು ಗಾಂಧೀಜಿಯವರ ಸಾಬರಮತಿ ಆಶ್ರಮಕ್ಕೆ ಹೋದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು ಕಂಡರು. 1946ರಲ್ಲಿ ನೆಲ್ಲೂರಿನ ವೇಣುಗೋಪಾಲಸ್ವಾಮಿ ಗುಡಿಯೊಳಗೆ ದಲಿತರನ್ನು ಬಿಡಬೇಕೆಂದು ಉಪವಾಸ ಕೂತರು.

ಆಗಿನ ಮದರಾಸು ರಾಜ್ಯದಲ್ಲಿ ತಮಿಳು, ತೆಲುಗು, ಕನ್ನಡ, ಮಲಯಾಳಂ ನಾಲ್ಕೂ ಭಾಷೆಯ ಜನ ಇದ್ದರು. ನಮ್ಮ ಬಳ್ಳಾರಿಯೂ ಅದರಲ್ಲೇ ಇತ್ತು. ತೆಲುಗರು ತಮಗೆ ಬೇರೆ ರಾಜ್ಯ ಬೇಕೆಂದು ಬಹಳ ವರ್ಷಗಳಿಂದ ಕೇಳುತ್ತಿದ್ದರು. ಆದರೆ 1947ರಲ್ಲಿ ದೇಶ ಎರಡಾದದ್ದನ್ನು ನೋಡಿದ್ದ ನೆಹರೂ ಅವರಿಗೆ ಭಾಷೆಯಿಂದ ಮತ್ತೆ ಒಡಕು ಬಂದೀತೆಂಬ ಅಂಜಿಕೆ ಇತ್ತು.

1952ರ ಅಕ್ಟೋಬರ್ 19ರಂದು ಶ್ರೀರಾಮುಲು ಮದರಾಸಿನಲ್ಲಿ ಬುಲುಸು ಸಾಂಬಮೂರ್ತಿಯವರ ಮನೆಯಲ್ಲಿ ಆಮರಣ ಉಪವಾಸ ಶುರು ಮಾಡಿದರು. 58 ದಿನ ಊಟ ಮಾಡಲಿಲ್ಲ. ಡಿಸೆಂಬರ್ 15ರ ರಾತ್ರಿ ಪ್ರಾಣ ಬಿಟ್ಟರು. ಊರೂರಲ್ಲಿ ಗಲಭೆಯಾಯ್ತು, ಪೊಲೀಸರ ಗುಂಡಿಗೆ ಜನ ಸತ್ತರು. ನಾಲ್ಕೇ ದಿನಕ್ಕೆ ನೆಹರೂ ಅವರು ಆಂಧ್ರ ರಾಜ್ಯ ಕೊಡುವುದಾಗಿ ಸಾರಿದರು. ಕೊಡುವುದೇ ಆಗಿದ್ದರೆ ಅವರು ಬದುಕಿದ್ದಾಗಲೇ ಕೊಡಬಹುದಿತ್ತಲ್ಲ ಅಂತ ನನಗೆ ಬಹಳ ದುಃಖವಾಯ್ತು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಕರ್ನೂಲು ರಾಜಧಾನಿಯಾಯ್ತು. ಅವರು ಕೇಳಿದ್ದ ಮದರಾಸು ನಗರ ಮಾತ್ರ ಸಿಗಲಿಲ್ಲ. ಅದೇ ದಿನ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮ ಜಿಲ್ಲೆಯದೇ ಆಗಿದ್ದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಮುಂದೆ 1956ರ ನವೆಂಬರ್ 1ರಂದು ಕನ್ನಡ ನಾಡೂ ಒಂದಾಯ್ತು. 2014ರಲ್ಲಿ ತೆಲುಗಿನವರದೇ ಎರಡು ರಾಜ್ಯಗಳಾದವು. ಅಂದ್ರೆ ಭಾಷೆ ಒಂದಾದರೂ ಮನಸ್ಸು ಒಂದಾಗಿರಬೇಕು.

ಗಡಿಯ ಈ ಕಡೆ ತೆಲುಗಿನ ಮನೆಗಳು ಉಳಿದವು, ಆ ಕಡೆ ಕನ್ನಡದ ಮನೆಗಳು ಉಳಿದವು. ಆ ಕಡೆಯ ಕನ್ನಡದ ಹುಡುಗಿಯನ್ನೂ ಯಾರಾದರೂ ನನ್ನ ಹಾಗೇ ಕೇಳಿರಬಹುದು. ಗೆಳತಿಗೆ ಈಗ ನಾನು ಹೇಳೋದಿಷ್ಟೆ. ಅವ್ವ ನನಗೆ ಜೋಗುಳ ಹಾಡಿದ್ದು ತೆಲುಗಿನಲ್ಲಿ, ಗುರುಗಳು ಅಕ್ಷರ ತಿದ್ದಿಸಿದ್ದು ಕನ್ನಡದಲ್ಲಿ. ನಾನು ಇದೇ ಊರಿನವಳು. ತಪ್ಪಿದ್ದರೆ ತಿದ್ದಿ ಹೇಳಿರಿ.

– 7ನೇ ತರಗತಿ ವಿದ್ಯಾರ್ಥಿನಿ