ಗ್ಲೋರಿಯಾ ಅನ್ಸಾಲ್ದುವಾ: ಎರಡು ಭಾಷೆಗಳ ಲೇಖಕಿ

ಗ್ಲೋರಿಯಾ ಅನ್ಸಾಲ್ದುವಾ 1942ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ, ಮೆಕ್ಸಿಕೋ ಗಡಿಯ ಹತ್ತಿರ ಹುಟ್ಟಿದರು. ಮನೆಮಾತು ಸ್ಪ್ಯಾನಿಷ್. ಶಾಲೆಯ ಬಿಡುವಿನಲ್ಲಿ ಅದನ್ನು ಮಾತಾಡಿ ಸಿಕ್ಕಿಬಿದ್ದರೆ ಬೆರಳ ಗೆಣ್ಣಿನ ಮೇಲೆ ರೂಲರ್‌ನಿಂದ ಮೂರು ಏಟು. ಹದಿಹರೆಯದಲ್ಲೇ ತಂದೆ ತೀರಿಕೊಂಡರು. ಓದಿನ ಜೊತೆಗೆ ಹೊಲದ ಕೆಲಸವೂ ನಡೆಯಿತು. ಕಾಲೇಜಿನಲ್ಲಿ ಉಚ್ಚಾರಣೆ ತಿದ್ದುವ ತರಗತಿ ಕಡ್ಡಾಯ! ಮುಂದೆ ಅವರು ವಲಸೆ ಕಾರ್ಮಿಕರ ಮಕ್ಕಳಿಗೆ ಪಾಠ ಹೇಳಿದರು.

1987ರ 'ಬಾರ್ಡರ್‌ಲ್ಯಾಂಡ್ಸ್/ಲಾ ಫ್ರಂತೇರಾ' ಅವರಿಗೆ ಹೆಸರು ತಂದ ಪುಸ್ತಕ. ಅದರಲ್ಲಿ ಇತಿಹಾಸ, ಆತ್ಮಕಥೆ, ಕವಿತೆ ಎಲ್ಲವೂ ಬೆರೆತಿವೆ. ಇಂಗ್ಲಿಷ್ ವಾಕ್ಯದ ನಡುವೆಯೇ ಸ್ಪ್ಯಾನಿಷ್ ಬರುತ್ತದೆ, ಎಷ್ಟೋ ಕಡೆ ಅನುವಾದವೇ ಇಲ್ಲ. ಪ್ರತಿ ಸಲ ತಾವೇ ಅನುವಾದಿಸಿ ಕೊಡಲು ಅವರು ಸಿದ್ಧರಿರಲಿಲ್ಲ. ಇಂಗ್ಲಿಷ್ ಮಾತ್ರ ಬಲ್ಲವರೂ ಅರ್ಧ ದಾರಿ ನಡೆದು ಬರಲಿ ಎಂಬುದು ಅವರ ನಿಲುವು. ಮನೆಯಲ್ಲಿ ಉರ್ದು, ಬಸ್ಸಿನಲ್ಲಿ ಕನ್ನಡ, ಅಕೌಂಟೆನ್ಸಿ ಪುಸ್ತಕದಲ್ಲಿ ಇಂಗ್ಲಿಷ್ ಇರುವ ನಮಗೆ ಇಂಥ ಬೆರಕೆ ಹೊಸದಲ್ಲ. ಆದರೆ ನಾವು ಅದನ್ನು ಬಾಯಲ್ಲಷ್ಟೇ ಇಟ್ಟುಕೊಳ್ಳುತ್ತೇವೆ, ಬರೆಯುವಾಗ ಅಡಗಿಸುತ್ತೇವೆ. ಅವರು ಅಚ್ಚು ಹಾಕಿಸಿದರು.

ಮಕ್ಕಳಿಗೂ ಎರಡು ಭಾಷೆಗಳಲ್ಲಿ ಕಥೆಪುಸ್ತಕ ಬರೆದರು. ಸಕ್ಕರೆ ಕಾಯಿಲೆಯ ತೊಂದರೆಗಳಿಂದ 2004ರ ಮೇ ತಿಂಗಳಲ್ಲಿ ತೀರಿಕೊಂಡಾಗ ಪಿಎಚ್.ಡಿ. ಪದವಿ ಇನ್ನೂ ಕೈಸೇರಿರಲಿಲ್ಲ. ಸಾಂತಾ ಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮರುವರ್ಷ ಅದನ್ನು ಅವರ ಹೆಸರಿಗೆ ಕೊಟ್ಟಿತು.